ಗಾಜಿನ ಮೇಲಿನ ದುಂಡು ಪಾಚಿ

ವಾರದಿಂದ ಮುಸುಕೆಳೆದುಕೊಂಡು ಮಲಗಿದ್ದ ಆಕಾಶ ಆ ಬೆಳಿಗ್ಗೆ ಕಣ್ಣು ಬಿಟ್ಟಿತ್ತು. ಎದುರಿನ ಎರಡು ಕಟ್ಟಡಗಳ ಸಂದಿಯಿಂದ ಎಳೆಬಿಸಿಲು ತೂರಿಬಂದು ಗಡಿಯಾರ ರಿಪೇರಿಯವನ ಮನೆಯೊಳಗಿನ ಗೋಡೆಗೆ ಬಿದ್ದಿತ್ತು. ಅವನಿಗೆ ಅದರ ಪರಿವೆ ಇರಲಿಲ್ಲ. ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಉಪ್ಪುನೀರಿನ ಮೀನಿನ ತೊಟ್ಟಿಯ ಮುಂದೆ ಮಂಡಿಯೂರಿ, ತಳದ ಮರಳಿನಲ್ಲಿ ಬ್ರೆಡ್ಡಿನ ಪುಡಿ ಹುಡುಕುತ್ತಿದ್ದ.

"ಸಿಕ್ತಾ?" ಅಡುಗೆಮನೆಯಿಂದ ಹೆಂಡತಿ ಕೇಳಿದಳು.

"ಏನು?"

"ನನ್ನ ತಮ್ಮನ ಪಾಪ!"

ಅವನು ಗಾಜಿಗೆ ಇನ್ನಷ್ಟು ಹತ್ತಿರ ಬಾಗಿದ.

ಕಡಲನ್ನು ಮಾಡಿದ ದೇವರು ಅದು ತನ್ನನ್ನು ತಾನೇ ನೋಡಿಕೊಳ್ಳುವ ಹಾಗೂ ಮಾಡಿದ. ಅದರಿಂದ ನಾಲ್ಕು ಕೊಡದಷ್ಟು ಮನೆಗೆ ತಂದಿಟ್ಟುಕೊಂಡವನು ಮಾತ್ರ ದೇವರ ಕೆಲಸವನ್ನೂ ತಾನೇ ಮಾಡಬೇಕು. ಕೆಲವು ತಿಂಗಳ ಹಿಂದೆ ತೊಟ್ಟಿಗೆ ಪಾಚಿ ಹಿಡಿದಾಗ ಅವನು ಹಳೇ ಪಂಪು ತೆಗೆದು ಹೊಸದು ಹಾಕಿದ. ನೊರೆಯೆಬ್ಬಿಸಿ ಕೊಳೆ ಎತ್ತುವ ಯಂತ್ರ ತಂದ. ಹೊಸ ದೀಪ ಕೂರಿಸಿದ. ದೀಪ ಹೊತ್ತು ಮೀರಿ ಉರಿದರೆ ಪಾಚಿಗೆ ಹಬ್ಬ. ಗಂಡ ಅಂಗಡಿಗೆ, ಹೆಂಡತಿ ಹೊಲಿಗೆಗೆ ಹೋದ ಮೇಲೆ ಮಧ್ಯಾಹ್ನ ಬಂದು ದೀಪ ಆರಿಸಿ ಮೀನಿಗೆ ತಿನಿಸು ಹಾಕುವವನು ಭಾವಮೈದ. ಬೇಕರಿಯಲ್ಲಿ ರಾತ್ರಿಪಾಳಿ ಅವನದು. ಮನೆಯ ಬೀಗದ ಕೈ ಒಂದು ಅವನ ಹತ್ತಿರವೇ ಇರುತ್ತಿತ್ತು.

"ಭಾವ, ತಾನಾಗೇ ಆರೋ ಹಾಗೆ ಒಂದು ಟೈಮರ್ ಹಾಕಿಸಿಬಿಡಿ," ಎಂದಿದ್ದ ಅವನು.

"ನನಗೇ ಹೊತ್ತು ಹೇಳಿಕೊಡ್ತೀಯೇನಪ್ಪಾ?" ಎಂದು ನಕ್ಕು, ಗಡಿಯಾರದವನು ಅಂಗಡಿಯಲ್ಲಿ ಯಾರೂ ಒಯ್ಯದೆ ಉಳಿದಿದ್ದ, ಕನ್ನಡಿಯಂಥ ಮುಖದ ಗಡಿಯಾರವೊಂದನ್ನು ತಂದು, ಭಾವಮೈದನಿಗೆ ಹೊತ್ತು ಕಾಣಲೆಂದು ತೊಟ್ಟಿಯ ಎದುರು ಗೋಡೆಗೆ ತೂಗುಹಾಕಿದ್ದ.

ಎಲ್ಲ ಕಡೆಯ ಪಾಚಿ ಕರಗಿತು. ಆದರೆ ಒಂದು ಮಗ್ಗುಲಿನ ಗಾಜಿನ ಮೇಲೆ, ತಟ್ಟೆಯಷ್ಟು ದುಂಡಗೆ, ಹೊಸದೊಂದು ಹುಟ್ಟಿಕೊಂಡಿತು. ಉಗುರಿನಷ್ಟಿದ್ದಾಗಿನಿಂದ ಹೆಂಡತಿ ಸಾಕಿದ ಜೀವಂತ ಹವಳ ಅಲ್ಲೇ ಇತ್ತು. ಹಸಿರು ಎಳೆಗಳು ಅದನ್ನು ಸುತ್ತಿಕೊಂಡವು, ಅದು ಮುದುಡಿತು. ಗಡಿಯಾರದವನ ತಲೆಯಲ್ಲಿ ಹುಳ ಹೊಕ್ಕಿತು. ಭಾವಮೈದ ಹಳೇ ಪಂಪು ಕೇಳಿದ್ದಕ್ಕೆ ಇಲ್ಲ ಅಂದಿದ್ದೆನಲ್ಲ, ಆ ಸಿಟ್ಟಿಗೆ ಬೇಕರಿಯ ಬ್ರೆಡ್ಡಿನ ಪುಡಿಯನ್ನೆಲ್ಲ ಆ ಮೂಲೆಗೆ ಸುರಿದು ಪಾಚಿ ಬೆಳೆಸುತ್ತಿದ್ದಾನೆಯೇ? ಮುಚ್ಚಳದ ಮೇಲೆ ಹಿಟ್ಟಿನ ಬೆರಳಚ್ಚು ಬೇರೆ ಇತ್ತು. "ಬೀಗ ಸವೆದಿದೆ, ಸರಿಮಾಡಿಸಿ ಕೊಡ್ತೀನಿ," ಎಂದು ಅವನಿಂದ ಬೀಗದ ಕೈ ವಾಪಸು ಇಸಿದುಕೊಂಡ. ಅದಾದ ಮೇಲೆ ಮೋಡ ಕವಿದ ವಾರ. ಪಾಚಿ ತೆಳುವಾಯಿತು.

"ನೋಡಿದ್ಯಾ, ನಿನ್ನ ತಮ್ಮನ ಕೈ ತಪ್ಪಿಸಿದ ಕೂಡಲೇ ಪಾಚಿ ಹೇಗೆ ಬಾಲ ಮುದುರಿತು!"

"ಆ ಮಸೂರ ಹಾಕಿಕೊಂಡರೆ ನಿಮಗೆ ನೊಣವೂ ಆನೆ," ಎಂದಿದ್ದಳು ಅವಳು. ಆಮೇಲೆ ತಮ್ಮನ ಸುದ್ದಿ ಎತ್ತಿರಲಿಲ್ಲ.

ಈಗ ಮರಳಿನಿಂದ ಕಣ್ಣೆತ್ತಿದವನಿಗೆ ಗಾಜಿನ ಮೇಲೆ ಬೆಳಕಿನ ಬಿಲ್ಲೆಯೊಂದು ಕಂಡಿತು. ತಟ್ಟೆಯಷ್ಟು ದುಂಡಗೆ, ಸರಿಯಾಗಿ ಪಾಚಿಯ ಮೇಲೇ. ಕೈ ಅಡ್ಡ ಇಟ್ಟ. ಬೆಳಕು ಅಂಗೈ ಏರಿತು. ತಿರುಗಿ ನೋಡಿದರೆ ಬಿಸಿಲನ್ನು ಹಿಡಿದು ಇತ್ತ ಎಸೆಯುತ್ತಿತ್ತು ಅವನದೇ ಗಡಿಯಾರ. ಕೆಳಗಿಳಿಸಿದ, ಬಿಲ್ಲೆ ಮಾಯವಾಯಿತು. ಮತ್ತೆ ತೂಗುಹಾಕಿದ, ಮತ್ತೆ ಬಂತು.

ಬಾಗಿಲಲ್ಲಿ ಸೌಟು ಹಿಡಿದು ನಿಂತ ಹೆಂಡತಿ ಎಲ್ಲವನ್ನೂ ನೋಡಿದಳು. "ಕಳ್ಳ ಸಿಕ್ಕಿದನಲ್ಲ. ಪಾಪ, ಅಡಗಿಕೊಂಡೂ ಇರಲಿಲ್ಲ. ಟಿಕ್ ಟಿಕ್ ಅಂತಾನೇ ಇದ್ದ."

ಗಡಿಯಾರವನ್ನು ಗೋಡೆಯ ಕಡೆ ಮುಖಮಾಡಿ ಮೂಲೆಯಲ್ಲಿಟ್ಟು ಅವನು ಚಪ್ಪಲಿ ಮೆಟ್ಟಿದ.

ಬೇಕರಿಯ ಹಿಂಬಾಗಿಲಿಂದ ಭಾವಮೈದ ಹೊರಬಂದ. ಹುಬ್ಬಿನವರೆಗೂ ಹಿಟ್ಟು.

"ಏನ್ ಭಾವ, ಇಷ್ಟು ಹೊತ್ತಿಗೆ? ಅಕ್ಕ ಹುಷಾರಾಗಿದ್ದಾಳಾ?"

"ಹೂಂ."

"ಹವಳ?"

"ಬದುಕ್ಕೊಳ್ಳುತ್ತೆ."

"ಬೀಗ ಸರಿಹೋಯ್ತಾ ಹಾಗಾದ್ರೆ?" ಕೇಳಿದವನ ದನಿ ಮೆತ್ತಗಿತ್ತು, ಕಣ್ಣು ಮಾತ್ರ ನೆಲದ ಮೇಲಿತ್ತು.

"ಬೀಗ ಸರಿಯಾಗೇ ಇತ್ತು ಕಣಪ್ಪಾ."

ಗಡಿಯಾರದವನು ಜೇಬಿನಿಂದ ಬೀಗದ ಕೈ ತೆಗೆದು, ಆ ಹಿಟ್ಟಿನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ತಾನೇ ಮಡಚಿದ.