ನಾಲ್ಕನೆಯ ಕಾಲು

ಅಳುತ್ತಲೇ ಕೂರಲು ಹೋದ ನಾದಿನಿ, ಸ್ಟೂಲಿನ ಕಾಲು ಕಳಚಿ ದಡಾರನೆ ನೆಲಕ್ಕೆ ಬಿದ್ದಳು.

"ಅಯ್ಯೋ, ನನ್ನ ಸೊಂಟ! ಅಣ್ಣ ಹೋಗ್ತಾ ಹೋಗ್ತಾ ನನ್ನನ್ನೂ ಕರ್ಕೊಂಡು ಹೋಗ್ತಾನೇನೋ ಅತ್ತಿಗೆ!"

ಅತ್ತಿಗೆಗೆ ಅಳು ಬರುವ ಬದಲು ಮೈಯೆಲ್ಲ ಉರಿಯಿತು. ಗಂಡ ನಡುಮನೆಯಲ್ಲಿ ಬಿಳಿ ಬಟ್ಟೆ ಹೊದ್ದು ತಣ್ಣಗೆ ಮಲಗಿದ್ದ. ಮನೆ ತುಂಬ ಜನ, ಇನ್ನೇನು ಗಾಡಿ ಬರುವ ಹೊತ್ತು. ಅವಳ ಮಂಡಿಯೋ ನೆಲಕ್ಕೆ ಬಗ್ಗದು. ಅವನ ಪಕ್ಕದಲ್ಲಿ ಒಂದು ಗಳಿಗೆ ಕೂರೋಣವೆಂದರೆ ನೆಟ್ಟಗಿನ ಆಸನವಿಲ್ಲದೆ, ಬೆಳಗಿನಿಂದ ಗೋಡೆಗೆ ಒರಗಿ ನಿಂತೇ ಇದ್ದಳು.

"ಹಿಂದಿನ ಕೋಣೇಲಿರೋ ಸ್ಟೂಲನ್ನೆಲ್ಲ ಬಿಚ್ಚಿ ಹೊರಗೆ ಹಾಕೋ," ಎಂದು ತಮ್ಮನಿಗೆ ಹೇಳಿದಳು. "ಇನ್ನೊಬ್ಬರ ಸೊಂಟ ಮುರಿಯೋದು ಬೇಡ."

*

ತನ್ನ ಹೊಲಿಗೆ ಅಂಗಡಿ ಮುಚ್ಚಿದ ಮೇಲೆ ಗಂಡನಿಗೆ ಮರಗೆಲಸದ ಹುಚ್ಚು ಹಿಡಿದಿತ್ತು. ಹೆಂಡತಿಯ ಮಂಡಿಗೆ ಹೊಂದುವ ಸ್ಟೂಲನ್ನು ತಾನೇ ಮಾಡುತ್ತೇನೆಂದು ಹಟ. ಕೊಂಡುಕೊಳ್ಳೋಣ ಎಂದರೆ, "ರೆಡಿಮೇಡ್ ಯಾರಿಗೆ ಸರಿಯಾಗಿ ಕೂತಿದೆ?" ಎನ್ನುತ್ತಿದ್ದ. ಎದುರುಮನೆಯ ಬಡಗಿ ಪಾಠ ಹೇಳಿಕೊಟ್ಟ: ಕಾಲಿನಲ್ಲಿ ಉಳಿಯಿಂದ ಚೌಕ ತೂತು, ಅಡ್ಡಪಟ್ಟಿಯ ತುದಿಯಲ್ಲಿ ಅದರೊಳಗೆ ಬಿಗಿಯಾಗಿ ಕೂರುವ ನಾಲಿಗೆ. ಜೀವಮಾನವಿಡೀ ಬಟ್ಟೆ ಹೊಲಿದ ಕೈ ಕೇಳಬೇಕಲ್ಲ! ಪ್ರತಿ ತೂತನ್ನೂ ಗೆರೆಗಿಂತ ಒಂದು ಚೂರು ಅಗಲ ಮಾಡುತ್ತಿತ್ತು.

"ಉಸಿರಾಡೋಕೆ ಸ್ವಲ್ಪ ಲೂಸ್ ಇರಲಿ."

"ಮರ ಏನು ಊಟ ಮಾಡಿ ಹೊಟ್ಟೆ ಬೆಳೆಸುತ್ತಾ ಯಜಮಾನ್ರೇ?" ಎಂದು ಬಡಗಿ ಹಣೆ ಚಚ್ಚಿಕೊಳ್ಳುತ್ತಿದ್ದ.

ಮನೆ ತುಂಬ ಓಲಾಡುವ ಸ್ಟೂಲುಗಳಾದವು. ಅವಳು ಗೋಡೆ ಹಿಡಿದು ಕೂರುವುದನ್ನು ಕಲಿತಳು. ಹೋದ ವಾರ ತಡೆಯಲಾರದೆ, "ನಾನು ಸತ್ತ ಮೇಲೆ ಇದರ ಮೇಲೆ ನನ್ನ ಫೋಟೋ ಇಡಿ, ಅದಾದರೂ ನಿಲ್ಲುತ್ತೋ ನೋಡೋಣ!" ಎಂದು ಕೂಗಿದ್ದಳು. ಅವನು ಉಳಿ ಎತ್ತಿಕೊಂಡು ಹಿಂದಿನ ಕೋಣೆಗೆ ಹೋಗಿದ್ದ.

*

ತಮ್ಮ ಹಿಂದಿನ ಕೋಣೆಗೆ ಹೋಗಿ ಕೈಹಾಕಿದೊಡನೆ ಒಂದೊಂದು ಸ್ಟೂಲೂ ಕಳಚಿಕೊಂಡಿತು. ಮೂಲೆಯಲ್ಲಿದ್ದ ಕೊನೆಯದು ಮಾತ್ರ ಜಪ್ಪಯ್ಯ ಎಂದರೂ ಬಿಡಲಿಲ್ಲ. ಎಳೆದ, ಒದ್ದ, ಬೆವರಿಳಿಸಿದ.

"ಇದಕ್ಕೆ ಮೊಳೆ ಹೊಡೆದಿದ್ದಾರೆ ಕಣಕ್ಕಾ."

ಬಾಗಿಲಲ್ಲಿದ್ದ ಬಡಗಿ ಒಳಗೆ ಬಂದು ಸಂದಿನ ಮೇಲೆ ಉಗುರು ಎಳೆದ. ಉಗುರು ಎಲ್ಲೂ ಸಿಕ್ಕಲಿಲ್ಲ.

"ಮೊಳೆ ಇಲ್ಲ, ಅಂಟೂ ಇಲ್ಲ. ಈ ಸಲ ಗೆರೆ ದಾಟಿಲ್ಲ ಯಜಮಾನ್ರು. ಮೊನ್ನೆಯೇ ಕೂಡಿಸಿದ್ರಮ್ಮ. ಕೊಟ್ಟುಬಿಡಿ ಅಂದೆ. ಸಿಬಿರಿದ್ರೆ ಅವಳ ಶಾಲು ಸಿಕ್ಕೊಳ್ಳುತ್ತೆ, ಕಾಲೆಲ್ಲ ಉಜ್ಜಿ ಆಮೇಲೆ ಕೊಡ್ತೀನಿ ಅಂದ್ರು."

"ಒಂದು ಮಾತು ಹೇಳಬಾರದಿತ್ತಾ? ಬಾಯಲ್ಲೇನು ಗುಂಡುಸೂಜಿ ಕಚ್ಕೊಂಡಿದ್ರಾ?" ಎಂದವಳ ದನಿ ಒಡೆಯಿತು.

ತಮ್ಮ ಅದನ್ನು ತಂದು ಭಾವನ ಪಕ್ಕದಲ್ಲಿಟ್ಟ. ಅಭ್ಯಾಸಬಲದಿಂದ ಅವಳು ಗೋಡೆ ಹಿಡಿದೇ ಕೂತಳು. ಸ್ಟೂಲು ಅಲ್ಲಾಡಲಿಲ್ಲ. ಮಂಡಿಗೆ ಹೇಳಿ ಮಾಡಿಸಿದ ಎತ್ತರ. ಬೆಳಗಿನಿಂದ ಬಾರದ ಅಳು ಆಗ ಬಂತು, ಸಿಟ್ಟಿನ ಜೊತೆಗೇ ಬಂತು.

ಹೊರಗೆ ಗಾಡಿ ಬಂದು ನಿಂತಿತು.

"ಏಳಕ್ಕಾ, ಹೊತ್ತಾಯ್ತು."

ಎದ್ದರೆ ಯಾರೋ ಹಿಂದಿನಿಂದ ಶಾಲು ಹಿಡಿದು ಜಗ್ಗಿದಂತಾಯಿತು. ಮೂರು ಕಾಲು ನುಣ್ಣಗಿದ್ದವು. ಇನ್ನೂ ಉಜ್ಜದ ನಾಲ್ಕನೆಯದರ ಸಿಬಿರಿಗೆ ಉಣ್ಣೆಯ ಒಂದು ಎಳೆ ಸಿಕ್ಕಿಕೊಂಡಿತ್ತು.

"ಇರು, ಬಿಡಿಸ್ತೀನಿ," ಎಂದು ತಮ್ಮ ಬಗ್ಗಿದ.

"ಮುಟ್ಟಿದರೆ ನೋಡು!"

ಎಳೆ ಹರಿಯದ ಹಾಗೆ ಅವಳು ಮೆಲ್ಲಗೆ ಮತ್ತೆ ಕೂತಳು. ಈ ಸಲ ಗೋಡೆ ಹಿಡಿಯಲಿಲ್ಲ.