ಎದುರಾಳಿಗಳಿಗೆ ಉಗ್ರಪ್ಪನ ಬಾಡೂಟ

ಉತ್ತರಹಳ್ಳಿಯ ಹಳೇ ಊರಿನವರಿಗೂ ಎದುರಿನ ಅಪಾರ್ಟ್‌ಮೆಂಟಿನವರಿಗೂ ಪ್ರತಿ ರಾಜ್ಯೋತ್ಸವಕ್ಕೆ ಹಗ್ಗಜಗ್ಗಾಟ. ಗೆದ್ದ ತಂಡದ ನಾಯಕ ಬಾವುಟ ಹಾರಿಸಬೇಕು. ಇದುವರೆಗೂ ಹಾರಿಸಿದವನು ಊರಿನ ತಂಡದ ನಾಯಕ ಉಗ್ರಪ್ಪನೇ. ಆ ಅಪಾರ್ಟ್‌ಮೆಂಟು ಎದ್ದಿರುವುದು ಅವನಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ. ಈಗ ಆ ನೆಲಕ್ಕೆ ಕಾಲಿಡಬೇಕಾದರೆ ಗೇಟಿನಲ್ಲಿ ಹೆಸರು ಹೇಳಿ, ಒಳಗಿನವರು ‘ಬಿಡಿ’ ಅನ್ನುವವರೆಗೆ ಬಿಸಿಲಲ್ಲಿ ನಿಲ್ಲಬೇಕು. ವರ್ಷಕ್ಕೊಮ್ಮೆ ಮಾತ್ರ ಅಲ್ಲಿನವರೆಲ್ಲ ಹೊರಗೆ ಬಂದು, ಕತ್ತೆತ್ತಿ, ಉಗ್ರಪ್ಪ ಹಾರಿಸಿದ ಬಾವುಟ ನೋಡುತ್ತಿದ್ದರು. ಅದೊಂದು ಕೈತಪ್ಪಿದರೆ ತಾನು ಬರೀ ಬಾಡಿಗೆ ಮನೆಗಳ ಓನರ್ ಎಂಬುದು ಅವನಿಗೆ ಗೊತ್ತಿತ್ತು.

ಈ ಸಲ ಎದುರಿನವರು ಜಿಮ್ಮಿಗೆ ಹೋಗಿ ಮೈ ಹುರಿಗಟ್ಟಿಸುತ್ತಿದ್ದಾರೆಂದು ಸುದ್ದಿ ಬಂತು. ಉಗ್ರಪ್ಪ ಮಗಳು ಚೈತ್ರಳನ್ನು ಕೇಳಿದ. ಅವಳು ಜಯನಗರದಲ್ಲಿ ಫಿಸಿಯೋಥೆರಪಿಸ್ಟ್.

“ಅಪ್ಪಾ, ಹಿಂದಿನ್ ದಿನ ಎಣ್ಣೆ ಮಾತ್ರ ಮುಟ್ಬೇಡ. ಮೈಯಲ್ಲಿರೋ ನೀರೆಲ್ಲ ಹೋಗತ್ತೆ, ನಿದ್ದೆ ಕೆಡತ್ತೆ, ಬೆಳಿಗ್ಗೆ ದಮ್ಮೇ ಇರಲ್ಲ. ತಮಾಷೆ ಅಂದ್ರೆ, ಕುಡ್ದೋನಿಗೆ ಮಾತ್ರ ತಾನೇ ಭೀಮ ಅನ್ಸ್ತಿರತ್ತೆ.”

ಉಗ್ರಪ್ಪ ಮಗಳ ವಿದ್ಯೆಗೆ ಮರ್ಯಾದೆ ಕೊಟ್ಟು ತಲೆಯಾಡಿಸಿದ. ಆಮೇಲೆ ಗೆಳೆಯ ಯಲ್ಲಯ್ಯನನ್ನು ಮೂಲೆಗೆ ಕರೆದ.

“ಅವರ್ನೆಲ್ಲ ಊಟಕ್ಕೆ ಕರೆಯೋಣ ಕಣ್ಲಾ. ನಾಟಿ ಕೋಳಿ, ಮುದ್ದೆ, ಒಳ್ಳೇ ಬಾಟ್ಲಿ. ಕಂಠಪೂರ್ತಿ ಕುಡಿಸಿ ಕಳಿಸಿದ್ರೆ ಬೆಳಿಗ್ಗೆ ಹಗ್ಗ ಎಲ್ಲೈತೆ ಅಂತಾನೇ ಕಾಣಕಿಲ್ಲ.”

“ಸಖತ್ ಗುರು! ನಾವು?”

“ನಾವು ಮಜ್ಜಿಗೆ.”

ಯಲ್ಲಯ್ಯನ ಮುಖ ಹುಳ್ಳಗಾಯಿತು.

ಪಂದ್ಯದ ಹಿಂದಿನ ದಿನ ಸಂಜೆಗೇ ಅತಿಥಿಗಳು ಬಂದರು. ಅವರ ನಾಯಕ ಸಿದ್ಧಾರ್ಥ ಹುಡುಗ, ಬಲು ವಿನಯವಂತ. ಗ್ಲಾಸು ಕೈಗೆ ಕೊಟ್ಟರೆ ಹಿಡಿದುಕೊಂಡೇ ಕೂತ.

“ಅಂಕಲ್, ನೀವು ತಗೊಳ್ಳಲ್ವಾ?”

ಉಗ್ರಪ್ಪನಿಗೆ ಆಗ ಧುತ್ತೆಂದು ನೆನಪಾಯಿತು: ಊರಿನ ಪದ್ಧತಿಯಲ್ಲಿ ಕರೆದವನೇ ಮೊದಲು ಗ್ಲಾಸು ಎತ್ತಬೇಕು, ಅತಿಥಿ ಏಳುವವರೆಗೆ ಜೊತೆ ಕೊಡಬೇಕು. ಇಲ್ಲದಿದ್ದರೆ ಇಕ್ಕಿದ ಅನ್ನಕ್ಕೇ ಅವಮಾನ. ಎಲ್ಲ ಲೆಕ್ಕ ಹಾಕಿದವನು ಇದೊಂದನ್ನು ಮರೆತಿದ್ದ.

“ಕರ್ದೋರು ಬಾಯಿ ಒಣಗಿಸ್ಕೊಂಡ್ ಕೂತ್ರೆ ಏನ್ ಚೆಂದ?” ಎಂದ ಯಲ್ಲಯ್ಯ, ಬಾಟಲಿ ಬಗ್ಗಿಸುತ್ತ. “ಮರ್ಯಾದೆಗೆ ಒಂದೇ ಒಂದು.”

ಊರಿನವರ ಮರ್ಯಾದೆಗೆ ಯಾವತ್ತೂ ಒಂದೇ ಸಾಕಾದದ್ದಿಲ್ಲ. ಅತಿಥಿಗಳು ತುಟಿ ಒದ್ದೆ ಮಾಡಿಕೊಂಡರು, ಸಾರನ್ನು ಹೊಗಳಿದರು, ಇನ್ನೊಂದು ಮುದ್ದೆ ಹಾಕಿಸಿಕೊಂಡರು. “ಬೆಳಿಗ್ಗೆ ಮ್ಯಾಚ್ ಇದ್ಯಲ್ಲ ಅಂಕಲ್” ಎಂದು ಬೇಗನೇ ಎದ್ದು ಕೈ ಮುಗಿದರು. ಉಳಿದವು ಬಾಟಲಿಗಳು, ಒಂದೂ ಬಿಡದೆ ಎಲ್ಲದರ ಮುಚ್ಚಳ ತೆಗೆದಾಗಿತ್ತು.

“ಅವನ್ನ ಒಳಗೆ ತಂದ್ರೆ ನಿಮ್ಮನ್ನೂ ಸೇರಿಸಿ ಆಚೆ ಹಾಕ್ತೀನಿ,” ಎಂದು ಬಾಗಿಲಲ್ಲಿ ನಿಂತ ಉಗ್ರಪ್ಪನ ಹೆಂಡತಿ ಪಾರ್ವತಮ್ಮ ಹೇಳಿದಳು.

ಒಳಗೆ ತರುವಂತಿಲ್ಲ, ಚೆಲ್ಲಿದರೆ ಪಾಪ. ಊರಿನ ತಂಡ ಆ ಪಾಪ ಕಟ್ಟಿಕೊಳ್ಳಲಿಲ್ಲ. ಕೊನೆಯ ಬಾಟಲಿ ಮುಗಿಯುವ ಹೊತ್ತಿಗೆ ಯಲ್ಲಯ್ಯ ಅಂಗಳದ ಒರಳುಕಲ್ಲನ್ನು ಒಂದೇ ಕೈಲಿ ಎತ್ತುತ್ತೇನೆಂದು ಹೊರಟು, ಅದನ್ನೇ ತಬ್ಬಿಕೊಂಡು ಮಲಗಿದ. ಉಗ್ರಪ್ಪನಿಗಂತೂ ಅಪಾರ್ಟ್‌ಮೆಂಟನ್ನೇ ಬುಡಸಮೇತ ಎಳೆದು ಪಕ್ಕಕ್ಕಿಡಬಹುದು ಅನ್ನಿಸಿತು.

ಬೆಳಿಗ್ಗೆ ಅನ್ನಿಸಲಿಲ್ಲ. ನಾಲಿಗೆ ಅಂಗುಳಕ್ಕೆ ಅಂಟಿತ್ತು, ತಲೆಯಲ್ಲಿ ತಮಟೆ. ಹಗ್ಗದ ತುದಿಯನ್ನು ಸೊಂಟಕ್ಕೆ ಬಿಗಿದು ಕೊನೆಯಲ್ಲಿ ನಿಂತ. ಸೀಟಿ ಊದಿದಾಗ ಮೊದಲ ಎಳೆತಕ್ಕೆ ಹಳೇ ಮೈ ಜಗ್ಗಲಿಲ್ಲ. ಎರಡನೆಯದಕ್ಕೆ ಅಂಗೈ ಜಾರಿತು. ಮುಂದಿದ್ದ ಯಲ್ಲಯ್ಯ ಹಗ್ಗ ಬಿಟ್ಟು, ಬಾಯಿ ಮುಚ್ಚಿಕೊಂಡು ಮೋರಿಯ ಕಡೆಗೆ ಓಡಿದ. ಉಗ್ರಪ್ಪ ಹಿಮ್ಮಡಿಯಿಂದ ಮಣ್ಣು ಉಳುತ್ತಾ, ಅಪ್ಪನ ಹಳೇ ಹೊಲದ ಕಡೆಗೇ ಎಳೆಸಿಕೊಂಡು ಹೋಗಿ ಬಿದ್ದ.

ಗೆದ್ದ ಸಿದ್ಧಾರ್ಥ ಬಂದು ಕೈ ಹಿಡಿದು ಎಬ್ಬಿಸಿದ.

“ಅಂಕಲ್, ಬಾವುಟ ನೀವೇ ಹಾರಿಸಿ. ಮ್ಯಾಚ್ ಹಿಂದಿನ್ ದಿನ ಎದುರು ಟೀಮ್‌ನ ಕರ್ದು ಊಟ ಹಾಕೋ ಮನಸ್ಸು ಯಾರಿಗ್ ಬರತ್ತೆ ಹೇಳಿ? ನಮ್ಮೋರೆಲ್ಲ ಅದನ್ನೇ ಮಾತಾಡ್ತಿದಾರೆ.”

ಬೇಡವೆನ್ನಲು ಉಗ್ರಪ್ಪ ಬಾಯಿ ತೆರೆದ. ಬೇಡವೆಂದರೆ ಯಾಕೆಂದು ಹೇಳಬೇಕು. ಸುಮ್ಮನೆ ಹೋಗಿ ಬಾವುಟ ಹಾರಿಸಿದ. ಇಷ್ಟು ಜೋರಾದ ಚಪ್ಪಾಳೆ ಗೆದ್ದ ವರ್ಷಗಳಲ್ಲೂ ಬಿದ್ದಿರಲಿಲ್ಲ. ಅವನು ಮಾತ್ರ ಕತ್ತೆತ್ತಲಿಲ್ಲ.

ಮೋರಿಯಿಂದ ಬಾಯಿ ಒರೆಸಿಕೊಳ್ಳುತ್ತ ಬಂದ ಯಲ್ಲಯ್ಯ ಪಕ್ಕದಲ್ಲಿ ನಿಂತು ಪಿಸುಗುಟ್ಟಿದ: “ನೋಡ್ದಾ ಗುರು, ನಿನ್ ಪ್ಲಾನ್ ವರ್ಕ್ ಆಯ್ತು.”