ಟ್ಯಾಂಕಿನ ಹಿಂದಿನ ನೀರು

ಹೆಣದ ಕಾಲಿಗೆ ಕೈಮುಗಿಯಲು ಬಗ್ಗಿದ ಇಸ್ತ್ರಿಯಕ್ಕ ಇನ್ನೂ ಸ್ವಲ್ಪ ಬಗ್ಗಿ ಮಂಚದ ಕೆಳಗೆ ನೋಡಿದಳು. ಅಲ್ಲಿ ಒಂದು ಟ್ರಂಕು, ಸುತ್ತಿಟ್ಟ ಚಾಪೆ, ಸತ್ತವನ ರಬ್ಬರ್ ಬೂಟುಗಳು ಇದ್ದವು. ಬೂಟುಗಳನ್ನು ಅವಳು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದಳು. ಒಂದನ್ನು ಬೆರಳಿನಿಂದ ವಾಲಿಸಿ, ಒಳಗೆ ಏನೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕಣ್ಣೊರೆಸುತ್ತ ಎದ್ದಳು. ಕಣ್ಣು ಒಣಗಿಯೇ ಇತ್ತು.

ಗೋಡೆಗೆ ಒರಗಿ ಕೂತಿದ್ದ ಹೆಂಡತಿ ಅದನ್ನು ನೋಡಿದಳು. ಬೆಳಗಿನಿಂದ ಅವಳು ನೋಡುತ್ತಿದ್ದದ್ದು ಇದನ್ನೇ. ಬಂದವರೆಲ್ಲ ಮೊದಲು ಹೆಣದ ಮುಖ ನೋಡುತ್ತಿದ್ದರು, ಆಮೇಲೆ ಅವಳ ಮುಖ, ಆಮೇಲೆ ಅವರ ಕಣ್ಣು ತಾನಾಗಿ ಕೋಣೆಯ ಮೂಲೆಗಳಿಗೆ ಜಾರುತ್ತಿತ್ತು. ಫ್ರಿಜ್ಜಿನ ಹಿಂದಕ್ಕೆ, ಕಿಟಕಿಯಲ್ಲಿದ್ದ ಗಿಡದ ತಟ್ಟೆಗೆ, ಬಚ್ಚಲ ಬಾಗಿಲ ಸಂದಿಗೆ. ಬಾಯಾರಿಕೆ ಎಂದವನೊಬ್ಬ ತಾನೇ ಅಡುಗೆಮನೆಗೆ ಹೋಗಿ, ಬಿಂದಿಗೆಯ ಮುಚ್ಚಳ ಎತ್ತಿ ಇಣುಕಿ, ನೀರು ಕುಡಿಯದೆ ವಾಪಸ್ ಬಂದಿದ್ದ.

ಬಾಯಿಬಿಟ್ಟು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಮನೆಮನೆಗೆ ಹೋಗಿ ಸೊಳ್ಳೆ ಹುಡುಕುವವನೇ ಸೊಳ್ಳೆಯ ಜ್ವರಕ್ಕೆ ಸತ್ತನೆಂದರೆ, ಆ ಸೊಳ್ಳೆ ಹುಟ್ಟಿದ್ದು ಯಾರ ಮನೆಯ ನೀರಿನಲ್ಲಿ?

ಇಸ್ತ್ರಿಯಕ್ಕನಿಗೆ ಕೇಳುವ ಹಕ್ಕಾದರೂ ಇತ್ತು. ಈ ಕಟ್ಟಡದ ಮೆಟ್ಟಿಲ ಕೆಳಗೇ ಅವಳ ಇಸ್ತ್ರಿ ಅಂಗಡಿ. ಕಾಲೇಜು ಮುಗಿಸಿ ಬಂದು ಅಲ್ಲಿ ಬಟ್ಟೆ ಮಡಚುತ್ತಿದ್ದ ಅವಳ ಮಗಳು ಈಗ ಅವನು ಸತ್ತ ಆಸ್ಪತ್ರೆಯಲ್ಲೇ, ಅದೇ ಜ್ವರದಲ್ಲಿ ಮಲಗಿದ್ದಳು. ಇಡೀ ಗಲ್ಲಿಯಲ್ಲಿ ಜ್ವರ ಬಂದದ್ದು ಇಬ್ಬರಿಗೇ.

"ಹೇಗಿದ್ದಾಳೆ ಮಗಳು?" ಎಂದು ಹೆಂಡತಿ ಕೇಳಿದಳು.

"ಇದ್ದಾಳೆ," ಎಂದಳು ಇಸ್ತ್ರಿಯಕ್ಕ. ಅಷ್ಟು ಹೇಳಿ ಗಿಡದ ತಟ್ಟೆಯ ಹತ್ತಿರ ಹೋಗಿ ನಿಂತಳು.

ನೀರು ಈ ಮನೆಯದ್ದೇ ಎಂದಾದರೆ, ನಾಳೆಯಿಂದ ಆ ಇಸ್ತ್ರಿ ಅಂಗಡಿಯ ಮುಂದೆ ಹತ್ತಿ ಇಳಿದು ಬದುಕುವುದು ಹೇಗೆ? ಹೆಂಡತಿಯ ತಲೆಯಲ್ಲಿ ಅದೊಂದೇ ಓಡುತ್ತಿತ್ತು. ಅಳು ಅದರ ಹಿಂದೆ ಎಲ್ಲೋ ಸರದಿಯಲ್ಲಿ ನಿಂತಿತ್ತು.

ಸತ್ತವನ ಅಣ್ಣ ಕ್ಷೌರಿಕ. ಬೆಳಿಗ್ಗೆ ತಾನೇ ತಮ್ಮನ ಗಡ್ಡ ಹೆರೆದು ಮುಖ ಒರೆಸಿದ್ದ. ಅವನ ಅನುಮಾನ ಆಸ್ಪತ್ರೆಯ ಮೇಲಿತ್ತು. ಸೂಜಿ ಚುಚ್ಚಿದ ನರ್ಸು ಫೋನಿನಲ್ಲಿ ಮಾತಾಡುತ್ತಲೇ ಇದ್ದಳು, ಗ್ಲೂಕೋಸ್ ಬಾಟಲಿ ಹಾಕಿದವನು ಹೆಸರನ್ನೂ ಕೇಳಲಿಲ್ಲ ಎಂದು ಬಂದವರಿಗೆಲ್ಲ ಒಂದೇ ರಾಗದಲ್ಲಿ ಹೇಳುತ್ತಿದ್ದ. ಕೇಳುವವರು ಹೂಂಗುಟ್ಟುತ್ತಿದ್ದರು. ಹೂಂಗುಟ್ಟುತ್ತಲೇ ಫ್ರಿಜ್ಜಿನ ಹಿಂದೆ ನೋಡುತ್ತಿದ್ದರು.

*

ನಗರಸಭೆ ವಾರ್ಡಿನ ಜನ ಸತ್ತವನಿಗೆ ಇಟ್ಟಿದ್ದ ಹೆಸರು ಹುಳದಣ್ಣ. ಹೆಗಲಿಗೊಂದು ಚೀಲ, ಕೈಯಲ್ಲಿ ಟಾರ್ಚು, ಉದ್ದ ಹಿಡಿಯ ಸೌಟು. ನದಿಯ ದಂಡೆಯ ಆ ವಾರ್ಡಿನಲ್ಲಿ ಮನೆಗಳು ಒಂದರ ಹೆಗಲ ಮೇಲೊಂದು ಹತ್ತಿ ಕೂತಿದ್ದವು. ಒಬ್ಬರ ಕಿಟಕಿ ತೆಗೆದರೆ ಇನ್ನೊಬ್ಬರ ಬಚ್ಚಲು, ಒಬ್ಬರ ಸೀನಿಗೆ ಇನ್ನೊಬ್ಬರ ನಿದ್ದೆ ಹಾಳು. ಇಂಥಲ್ಲಿ ಹುಳದಣ್ಣ ಕಂಡವರ ಡ್ರಮ್ಮು, ತೊಟ್ಟಿ, ಹಳೆ ಟೈರುಗಳಿಗೆ ಸೌಟು ಇಳಿಸಿ, ನೀರೆತ್ತಿ, ಟಾರ್ಚು ಬಿಟ್ಟು ಸೊಳ್ಳೆಯ ಹುಳ ಹುಡುಕಬೇಕಿತ್ತು. ಸಿಕ್ಕರೆ ನೀರು ಚೆಲ್ಲಿಸಬೇಕಿತ್ತು.

ಜನ ನದಿಯ ಕಡೆ ಕೈ ತೋರಿಸುತ್ತಿದ್ದರು. ಸೊಳ್ಳೆ ಅಲ್ಲಿಂದ ಬರುವುದು, ಅಲ್ಲಿ ಹೋಗಿ ಹುಡುಕು ಎನ್ನುತ್ತಿದ್ದರು. ಹರಿಯುವ ನೀರು ಈ ಜಾತಿಗೆ ಆಗದು, ಮನೆಯೊಳಗೆ ನಿಂತ ತಿಳಿನೀರೇ ಬೇಕು ಎಂದು ಹೇಳಿ ಹೇಳಿ ಅವನ ನಾಲಿಗೆ ಸವೆದಿತ್ತು. ಕೊನೆಗೆ ಮಾತು ಬಿಟ್ಟು ಬಾಟಲಿ ಹಿಡಿದ. ಅಂಗೈಯಗಲದ ಗಾಜಿನ ಬಾಟಲಿ. ಅದರೊಳಗೆ ತಲೆಕೆಳಗಾಗಿ ತೇಲುವ, ತಟ್ಟಿದರೆ ಕೊಂಕಿ ಕೊಂಕಿ ಕೆಳಗಿಳಿಯುವ ಹುಳಗಳು. ಬೆಳಕಿಗೆ ಹಿಡಿದು ತೋರಿಸಿದರೆ ಸಾಕು, ಹೆಂಗಸರು ಮುಖ ಹಿಂಡಿಕೊಂಡು ತಾವೇ ಡ್ರಮ್ಮು ಬೋರಲು ಹಾಕುತ್ತಿದ್ದರು.

ಅವನ ಕಸುಬೇ ಅನುಮಾನ. ನೀರು ಬಚ್ಚಿಡುವವರು ಕಳ್ಳರಿಗಿಂತ ಚಾಲಾಕು ಎನ್ನುತ್ತಿದ್ದ. ಜನರೂ ಬಡ್ಡಿ ಸಮೇತ ಅವನನ್ನು ಅನುಮಾನಿಸುತ್ತಿದ್ದರು. ಒಮ್ಮೆ ಒಬ್ಬ ನಿವೃತ್ತ ಗುಮಾಸ್ತ ಗಲ್ಲಿಯ ನಡುವೆ ಎಲ್ಲರ ಎದುರಿಗೆ, "ನಿನ್ನ ಬಾಟಲೀದೇ ನನ್ನ ಡ್ರಮ್ಮಿಗೆ ಸುರಿದು, ಹುಳ ಸಿಕ್ತು ಅಂತೀಯಲ್ಲಯ್ಯಾ," ಎಂದುಬಿಟ್ಟ. ಹುಳದಣ್ಣ ರಾತ್ರಿ ಊಟಕ್ಕೆ ಕೂತಾಗ ಆ ಮುದುಕನ ಮೂಗಿನ ದನಿಯನ್ನು ಅಣಕಿಸಿ ಹೆಂಡತಿಯನ್ನು ನಗಿಸಿದ. ಆಮೇಲೆ ಅರ್ಧ ಊಟಕ್ಕೇ ಕೈ ತೊಳೆದ.

ತನ್ನ ಮನೆಯಲ್ಲಿ ಮಾತ್ರ ಅವನು ಒಂದು ಮುಚ್ಚಳವನ್ನೂ ಎತ್ತುತ್ತಿರಲಿಲ್ಲ. ಯಾರೂ ತಮ್ಮ ಮನೆಯನ್ನು ತಾವೇ ತಪಾಸಣೆ ಮಾಡಬಾರದು ಎನ್ನುವುದು ಆಫೀಸಿನ ನಿಯಮ. ಅವನ ಮನೆ ಜೊತೆಗಾರನ ಪಾಲಿಗೆ, ಜೊತೆಗಾರನ ಮನೆ ಅವನ ಪಾಲಿಗೆ. ಆ ಜೊತೆಗಾರ ಬಾಗಿಲು ತಟ್ಟುವ ಬದಲು ಶಿಳ್ಳೆ ಹೊಡೆಯುತ್ತಿದ್ದ, ಅದಕ್ಕೇ ಎಲ್ಲರಿಗೂ ಅವನು ಸೀಟಿ. ಕೆಳಗಿನಿಂದ ಶಿಳ್ಳೆ ಕೇಳಿದರೆ ಹೆಂಡತಿ ಬಾಲ್ಕನಿಯಿಂದ ಬಗ್ಗಿ ಟೀ ಕುಡಿದು ಹೋಗಿ ಎನ್ನುತ್ತಿದ್ದಳು. ಸೀಟಿ ಬೇಡವೆಂದು ತಲೆಯಾಡಿಸಿ, ಕೆಳಗಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ 'ನೋಡಿದೆ' ಎಂಬ ಗುರುತು ಎಳೆದು ಹೋಗುತ್ತಿದ್ದ. ಹುಳದಣ್ಣನೂ ಸೀಟಿಯ ಬಾಗಿಲಿಗೆ ಮಾಡುತ್ತಿದ್ದದ್ದು ಅದನ್ನೇ. ಹುಳ ಹುಡುಕುವವನ ಮನೆಗೇ ಸೌಟು ಹಿಡಿದು ನುಗ್ಗುವುದು ಅವಮಾನ ಮಾಡಿದಂತೆ ಎಂಬ ಮರ್ಯಾದೆಯೊಂದು ಇಬ್ಬರ ನಡುವೆ ಮಾತಿಲ್ಲದೆ ಕುದುರಿಕೊಂಡಿತ್ತು.

*

ಹೋದ ವರ್ಷ ವಾರ್ಡಿನಲ್ಲಿ ಹುಳ ಸಿಗುವುದೇ ಕಡಿಮೆಯಾಯಿತು. ಹುಳದಣ್ಣ ಖುಷಿಪಡಬೇಕಿತ್ತು. ಆದರೆ ಬಾಟಲಿಯ ಹುಳ ಕೆಲವೇ ದಿನಗಳಲ್ಲಿ ರೆಕ್ಕೆ ಬಂದು ಸೊಳ್ಳೆಯಾಗಿ, ಮುಚ್ಚಿದ ಬಾಟಲಿಯಲ್ಲೇ ಸತ್ತುಹೋಗುತ್ತಿತ್ತು. ಹೊಸದು ತುಂಬಬೇಕು, ತುಂಬಲು ಹುಳವಿಲ್ಲ. ಖಾಲಿ ಬಾಟಲಿ ತೋರಿಸಿದರೆ ನನ್ನ ಮಾತು ಯಾರು ಕೇಳುತ್ತಾರೆ ಎಂದು ಕೊರಗಿದ. ಹುಳ ಇಲ್ಲದಿದ್ದರೆ ಒಳ್ಳೆಯದೇ ಅಲ್ಲವೇ ಎಂದಳು ಹೆಂಡತಿ. "ನೀನೊಬ್ಬಳು," ಎಂದು ಅವನು ಮಗ್ಗುಲು ಬದಲಿಸಿದ.

ಕೆಲವು ದಿನಗಳ ಮೇಲೆ ಬಾಟಲಿಯಲ್ಲಿ ಮತ್ತೆ ಹುಳಗಳು ಕುಣಿಯುತ್ತಿದ್ದವು. ಎಲ್ಲಿಂದ ಎಂದು ಅವಳು ಕೇಳಲಿಲ್ಲ. ಅವಳ ತಲೆ ಆಗ ಬೇರೆ ಕಡೆ ಇತ್ತು. ಅವನು ಬೆಳಿಗ್ಗೆ ಎದ್ದವನೇ, ಟೀಗೂ ಮೊದಲು, ತಲೆ ಬಾಚಿಕೊಂಡು ತಾರಸಿಗೆ ಹೋಗಲು ಶುರುಮಾಡಿದ್ದ. ತಾರಸಿಗೆ ಹೋಗಲು ತಲೆ ಯಾಕೆ ಬಾಚಬೇಕು? ಪಕ್ಕದ ಕಟ್ಟಡದ ತಾರಸಿಯ ಮೇಲಿನ ಕೋಣೆಗೆ ಒಬ್ಬಂಟಿ ಟೈಲರ್ ಹೆಂಗಸೊಬ್ಬಳು ಬಾಡಿಗೆಗೆ ಬಂದಿದ್ದಳು. ಬೆಳಗಿನ ಹೊತ್ತು ಅವಳು ಬಟ್ಟೆ ಒಣಗಿಸುತ್ತಿದ್ದಳು.

ಹೆಂಡತಿ ಅವನ ಅಂಗಿ ಮೂಸಿ ನೋಡಿದಳು. ಬೆವರು, ಸೀಮೆಸುಣ್ಣ, ಅಷ್ಟೇ. ಒಂದು ದಿನ ತಡೆಯಲಾರದೆ ಸದ್ದಿಲ್ಲದೆ ಮೆಟ್ಟಿಲು ಹತ್ತಿದಳು. ಅರ್ಧ ಹತ್ತುವಷ್ಟರಲ್ಲಿ ಮೇಲಿನಿಂದ ಅವನ ದನಿ ಕೇಳಿಸಿತು. ಮೆಲ್ಲಗೆ, ಮುದ್ದುಮುದ್ದಾಗಿ ಯಾರಿಗೋ ಏನೋ ಹೇಳುತ್ತಿದ್ದ. ಆ ದನಿಯಲ್ಲಿ ಅವನು ಅವಳ ಜೊತೆ ಮಾತಾಡಿ ವರ್ಷಗಳಾಗಿದ್ದವು.

ಉಳಿದ ಅರ್ಧ ಮೆಟ್ಟಿಲುಗಳನ್ನು ಅವಳು ಹತ್ತಲಿಲ್ಲ. ಕಣ್ಣಾರೆ ಕಂಡರೆ ಏನಾದರೂ ಮಾಡಬೇಕಾಗುತ್ತದೆ. ಕಾಣದಿದ್ದರೆ ಟೀಗೆ ಸಕ್ಕರೆ ಕಡಿಮೆ ಹಾಕಿದರೆ ಸಾಕು. ಅವತ್ತಿನಿಂದ ಕಡಿಮೆ ಹಾಕಿದಳು. ಅವನು ಚಕಾರ ಎತ್ತದೆ ಕುಡಿದ. ತಪ್ಪು ಮಾಡಿದವನೇ ಹೀಗೆ ಕುಡಿಯುವುದು ಎಂದುಕೊಂಡಳು.

*

ಮಧ್ಯಾಹ್ನದ ಹೊತ್ತಿಗೆ ಆ ಟೈಲರ್ ಬಂದಳು. ಹೆಂಡತಿ ಬೆನ್ನು ನೆಟ್ಟಗೆ ಮಾಡಿ ಕೂತಳು. ಟೈಲರ್ ಹೆಣದ ಮುಖವನ್ನು ಗುರುತಿಲ್ಲದವರನ್ನು ನೋಡುವ ಹಾಗೆ ನೋಡಿ, ಅವಳ ಪಕ್ಕ ಬಂದು ಕೂತು, ಪಿಸುದನಿಯಲ್ಲಿ ಹೇಳಿದಳು.

"ನಿಮ್ಮ ಯಜಮಾನರ ಮುಖ ನಾನು ಸರಿಯಾಗಿ ನೋಡ್ತಿರೋದೇ ಇವತ್ತು."

"ದಿನಾ ತಾರಸಿಗೆ ಬರ್ತಿದ್ರಲ್ಲ."

"ಬರ್ತಿದ್ರು. ನೀರಿನ ಟ್ಯಾಂಕಿನ ಹಿಂದೆ ಕೂತ್ಕೊಂಡುಬಿಡೋರು. ಬರೀ ಬೆನ್ನು ಕಾಣ್ತಿತ್ತು. ಧ್ಯಾನ ಮಾಡ್ತಾರೇನೋ ಅಂತ ನಾನೂ ಆ ಕಡೆ ನೋಡ್ತಿರ್ಲಿಲ್ಲ."

ಒಂದು ಗಳಿಗೆ ಹೆಂಡತಿಯ ಎದೆ ಹಗುರಾಯಿತು. ಗಂಡನ ಹೆಣದ ಪಕ್ಕ ಕೂತು ಹಗುರಾದ ಎದೆಗೆ ಅವಳಿಗೇ ನಾಚಿಕೆಯಾಯಿತು. ಮರುಗಳಿಗೆಯಲ್ಲಿ ಟ್ಯಾಂಕಿನ ಹಿಂದಿನ ಆ ಬೆನ್ನು, ಮೆಟ್ಟಿಲಲ್ಲಿ ಕೇಳಿದ ಆ ಮುದ್ದಿನ ದನಿ, ಮತ್ತೆ ತುಂಬಿಕೊಂಡ ಆ ಬಾಟಲಿ, ಮೂರೂ ಒಂದಕ್ಕೊಂದು ತಗುಲಿಕೊಂಡವು. ಅವಳು ಎದ್ದಳು. ಎಲ್ಲಿಗೆ ಎಂದು ಭಾವ ಕೇಳಿದ. ಹೆಣ ಒಯ್ಯುವ ವ್ಯಾನು ಬರುವ ಹೊತ್ತಾಯಿತು ಎಂದ. ತಾರಸಿಯಲ್ಲಿ ಒಣಗಿಸಿದ ಟವೆಲ್ ತರುತ್ತೇನೆ ಎಂದು ಅವಳು ಯಾರ ಮುಖವನ್ನೂ ನೋಡದೆ ಹೊರಟಳು. ಬಾಗಿಲಲ್ಲಿ ನಿಂತಿದ್ದ ಸೀಟಿ ದಾರಿ ಬಿಟ್ಟ. ಆಮೇಲೆ ಅವಳ ಹಿಂದೆಯೇ ಹತ್ತಿದ.

ಟ್ಯಾಂಕಿನ ಹಿಂದೆ, ನೆರಳಿನಲ್ಲಿ, ಮೇಲ್ಭಾಗ ಕೊಯ್ದ ಎಣ್ಣೆ ಕ್ಯಾನು ಇತ್ತು. ಅದರ ಬಾಯಿಗೆ ದಿಂಬಿನ ಕವರೊಂದನ್ನು ಎಳೆದು ದಾರದಲ್ಲಿ ಬಿಗಿಯಾಗಿ ಕಟ್ಟಲಾಗಿತ್ತು. ಗಾಳಿಗೆ ಹಾರಿಹೋಯಿತು ಎಂದು ಅವಳು ಎಂದೋ ಕೈಬಿಟ್ಟಿದ್ದ ಕವರು. ಅದರ ಒಂದು ಮೂಲೆಯನ್ನು ಇಲಿ ಕಡಿದಿತ್ತು. ಬೆರಳು ತೂರುವಷ್ಟು ತೂತು. ಅಂಚು ಹಳೆಯದಾಗಿ ಕಪ್ಪಾಗಿತ್ತು. ಗಂಡ ಅದನ್ನು ನೋಡಿರಲಿಲ್ಲ, ಅಥವಾ ನಾಳೆ ಸರಿಮಾಡಿದರಾಯಿತು ಎಂದುಕೊಂಡಿದ್ದ.

ಸೀಟಿ ಮೊಣಕಾಲೂರಿ ಕವರು ಬಿಚ್ಚಿದ. ನೀರಿನಲ್ಲಿ ಹುಳಗಳಿದ್ದವು. ಮೇಲೆ ಹೊಟ್ಟಿನ ಹಾಗೆ, ಹುಳಗಳು ಕಳಚಿಟ್ಟ ಖಾಲಿ ಪೊರೆಗಳು ತೇಲುತ್ತಿದ್ದವು. ಅವನು ಅದನ್ನೇ ನೋಡುತ್ತಿದ್ದ.

"ಇವೆಲ್ಲ?" ಎಂದಳು ಅವಳು.

"ಹಾರಿಹೋದವು."

ಕವರನ್ನು ಪಕ್ಕಕ್ಕಿಟ್ಟು ಅವನೇ, ಇದರಿಂದಲೇ ಜ್ವರ ಬಂತೆಂದು ಯಾರೂ ಹೇಳುವ ಹಾಗಿಲ್ಲ ಎಂದ. ಸೊಳ್ಳೆ ಎಲ್ಲಿಂದಲೂ ಬರಬಹುದು, ಹುಳದಣ್ಣ ದಿನಕ್ಕೆ ಎಷ್ಟು ಮನೆ ಹೊಗುತ್ತಿದ್ದ, ಆ ಹುಡುಗಿ ಎಲ್ಲೆಲ್ಲಿ ಓಡಾಡುತ್ತಿದ್ದಳು.

"ನೀವು ಒಂದು ಸಲವಾದ್ರೂ ಇಲ್ಲಿಗೆ ಹತ್ತಿದ್ರಾ?"

"ಇದು ಅವನ ಮನೆ, ಅತ್ತಿಗೆ," ಎಂದ ಸೀಟಿ, ಅದೇ ಉತ್ತರ ಎನ್ನುವ ಹಾಗೆ. ಆಮೇಲೆ ಮೆಟ್ಟಿಲ ಕಡೆ ನೋಡಿ, "ಚೆಲ್ಲಿಬಿಡಿ. ನಾನು ನೋಡಿಲ್ಲ," ಎಂದ.

"ಹೌದು. ನೀವು ಯಾವತ್ತೂ ನೋಡಿಲ್ಲ."

ಅವಳು ಕ್ಯಾನನ್ನು ಎರಡೂ ಕೈಯಲ್ಲಿ ಎತ್ತಿ, ನೆರಳು ದಾಟಿ, ಕಾದ ಸಿಮೆಂಟಿನ ಮೇಲೆ ಸುರಿದಳು. ನೀರು ಹರಡಿ ಅಲ್ಲಲ್ಲೇ ನಿಂತಿತು. ಹುಳಗಳು ಒಮ್ಮೆ ಕೊಂಕಿದವು, ಇನ್ನೊಮ್ಮೆ ಕೊಂಕಿದವು. ಆಮೇಲೆ ದಾರದ ತುಂಡುಗಳ ಹಾಗೆ ಬಿದ್ದುಕೊಂಡವು.

"ಏನದು ನೀರು?"

ಇಸ್ತ್ರಿಯಕ್ಕ ಕೊನೆಯ ಮೆಟ್ಟಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ತಿಳಿಯದು. ಸೀಟಿ ತಕ್ಷಣ, ಟ್ಯಾಂಕು ಸೋರುತ್ತಿದೆ, ವಾಲ್ವು ಹಳೆಯದಾಗಿದೆ ಎಂದ. ಇಸ್ತ್ರಿಯಕ್ಕ ಅವನ ಕಡೆ ತಿರುಗಲೂ ಇಲ್ಲ. ಹೆಂಡತಿಯನ್ನೇ ನೋಡುತ್ತಿದ್ದಳು. ಕೆಳಗೆ ವ್ಯಾನು ಬಂದು ಹಾರ್ನ್ ಹೊಡೆಯಿತು. ಭಾವ ಮೆಟ್ಟಿಲ ಬುಡದಿಂದ ಕೂಗಿದ. ಎತ್ತುವ ಹೊತ್ತಾಯಿತು, ಎಲ್ಲರೂ ಅವಳಿಗೇ ಕಾಯುತ್ತಿದ್ದರು.

ಹೌದು, ಟ್ಯಾಂಕು ಎಂದರೆ ಸಾಕಿತ್ತು. ಸೀಟಿ ಸಾಕ್ಷಿ ಹೇಳುತ್ತಿದ್ದ. ಗಂಡನನ್ನು ಅವಳು ಎಷ್ಟೋ ತಿಂಗಳು ಇಲ್ಲದ ತಪ್ಪಿಗೆ ಅನುಮಾನಿಸಿದ್ದಳು. ಇರುವ ಈ ತಪ್ಪಿನಿಂದ ಅವನನ್ನು ಪಾರುಮಾಡಲು ಒಂದು ಮಾತು ಸಾಕಿತ್ತು.

"ಟ್ಯಾಂಕಿಂದಲ್ಲ," ಎಂದಳು. "ಇವರು ಇಟ್ಟಿದ್ದು. ಜನಕ್ಕೆ ತೋರಿಸೋಕೆ ಅಂತ ಹುಳ ಸಾಕ್ಕೊಂಡಿದ್ರು. ನನಗೂ ಈಗಲೇ ಗೊತ್ತಾಗಿದ್ದು."

ಇಸ್ತ್ರಿಯಕ್ಕ ಬೈಯಲಿಲ್ಲ. ಹತ್ತಿರ ಬಂದು, ಖಾಲಿ ಕ್ಯಾನನ್ನು ನೋಡಿ, ಒದ್ದೆ ಸಿಮೆಂಟಿನ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಬಟ್ಟೆಯ ತೇವ ನೋಡುವಾಗ ಚಾಚುವ ಹಾಗೆಯೇ ಅಂಗೈ ಚಾಚಿ ನೀರಿನ ನಡುವೆ ಊರಿದಳು. ಹಾಗೇ ಇದ್ದಳು. ಕೆಳಗಿನಿಂದ ಭಾವ ಮತ್ತೆ ಕೂಗಿದ. ಸೀಟಿ "ಅತ್ತಿಗೆ" ಎಂದ. ಹೆಂಡತಿ ಕದಲಲಿಲ್ಲ.

ಬಿಸಿಲಿಗೆ ಒದ್ದೆ ಅಂಚಿನಿಂದ ಒಳಗೆ ಸರಿಯುತ್ತ ಬಂತು. ಮೊದಲು ಬಾಗಿಲಗಲವಿದ್ದದ್ದು ಮಣೆಯಗಲವಾಯಿತು, ಆಮೇಲೆ ತಟ್ಟೆಯಗಲ. ಕೆಳಗೆ ನಾಲ್ಕಾರು ಜನ ಒಟ್ಟಿಗೆ ಉಸಿರು ಹಿಡಿದು ಏನನ್ನೋ ಎತ್ತಿದ ಸದ್ದಾಯಿತು. ಇಸ್ತ್ರಿಯಕ್ಕ ಕೈ ತೆಗೆದಳು. ಸುತ್ತಲಿನ ಸಿಮೆಂಟು ಬೆಳ್ಳಗೆ ಒಣಗಿತ್ತು. ಅದರ ನಡುವೆ ಐದು ಬೆರಳೂ ಸ್ಪಷ್ಟವಾಗಿ ಮೂಡಿ, ಒಂದು ಅಂಗೈ ಮಾತ್ರ ಇನ್ನೂ ಒದ್ದೆಯಾಗಿತ್ತು.